ಹೊರಬರುವ ಮಾತು: ವಿಮಾನದ ಸುರಕ್ಷತಾ ಸೂಚನೆ ಮತ್ತು ಕನ್ನಡ

ವಿಮಾನ ಹೊರಡುವ ಮುನ್ನ ಗಗನಸಖಿಯರು ನೀಡುವ ಸುರಕ್ಷತಾ ಸೂಚನೆಯು ನಮ್ಮ ಕಾಲದ ವಿಚಿತ್ರ ಪಠ್ಯಗಳಲ್ಲೊಂದು. ಅದನ್ನು ಹೇಳಲೇಬೇಕೆಂದು ಕಾನೂನು ವಿಧಿಸುತ್ತದೆ. ಕೇಳಲೇಬೇಕೆಂದು ಯಾರೂ ವಿಧಿಸಲಾರರು. ದಿನವೂ ಲಕ್ಷಾಂತರ ಜನರ ಎದುರು ಅದು ಉಚ್ಚರಿತವಾಗುತ್ತದೆ, ಪ್ರದರ್ಶಿತವಾಗುತ್ತದೆ, ಮತ್ತು ಬಹುಪಾಲು ಯಾರ ಕಿವಿಗೂ ಬೀಳದೆ ಮುಗಿಯುತ್ತದೆ. ಶಾಸನ, ಲಾವಣಿ, ಒಗಟು, ಜಾಹೀರಾತುಗಳನ್ನೆಲ್ಲ ಪಠ್ಯಗಳೆಂದು ಓದುವುದನ್ನು ರೂಢಿಸಿಕೊಂಡಿರುವ ನಮ್ಮ ಕನ್ನಡ ವಿಭಾಗಗಳು ಈ ಪಠ್ಯದತ್ತ ಗಮನ ಹರಿಸಿದಂತೆ ಕಾಣುವುದಿಲ್ಲ. ಅದು ಇಂಗ್ಲಿಷಿನದು, ತಂತ್ರಜ್ಞಾನದ್ದು, ನಮ್ಮದಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಅಪಾಯದ ಗಳಿಗೆಯಲ್ಲಿ ವಿಮಾನದಿಂದ ಹೊರಬರಲು ಪ್ರಯಾಣಿಕರನ್ನು ಸಿದ್ಧಗೊಳಿಸುವುದು ತಾಂತ್ರಿಕ ಕಾರ್ಯವಾಗಿರುವಷ್ಟೇ ಭಾಷಿಕ ಕಾರ್ಯವೂ ಆಗಿದೆ, ಮತ್ತು ಆ ಭಾಷಿಕ ಕಾರ್ಯವನ್ನು ಕನ್ನಡದಲ್ಲಿ ಯಾರೂ ಸರಿಯಾಗಿ ಮಾಡಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಈ ವಾದವನ್ನು ಮಂಡಿಸುವಾಗ ಒಂದು ಎಚ್ಚರ ಅಗತ್ಯ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿದಾಗ ಅದರಲ್ಲಿದ್ದ 166 ಜನರ ಪೈಕಿ 158 ಮಂದಿ ಮೃತಪಟ್ಟರು. ಬದುಕಿದ ಎಂಟು ಮಂದಿ ಬಾಗಿಲುಗಳಿಂದ ಹೊರಬಂದವರಲ್ಲ. ಒಡೆದುಹೋದ ವಿಮಾನದ ಒಡಲಿನ ಬಿರುಕಿನಿಂದ ಹೊರಬಿದ್ದವರು. ಸೂಚನೆಯು ಕನ್ನಡದಲ್ಲೋ ತುಳುವಿನಲ್ಲೋ ಇದ್ದಿದ್ದರೆ ಇನ್ನಷ್ಟು ಜನ ಉಳಿಯುತ್ತಿದ್ದರು ಎಂದು ಹೇಳುವುದು ಸತ್ತವರಿಗೂ ಸತ್ಯಕ್ಕೂ ಮಾಡುವ ಅಪಚಾರವಾಗುತ್ತದೆ. ಆದರೆ ಆ ದುರಂತದ ಬಳಿಕ ನಮ್ಮಲ್ಲಿ ಗಟ್ಟಿಯಾದ ಒಂದು ನಂಬಿಕೆ, ಅಂದರೆ ವಿಮಾನ ಅಪಘಾತವೆಂದರೆ ಎಲ್ಲರ ಸಾವು, ಅದರಲ್ಲಿ ಪ್ರಯಾಣಿಕನು ಮಾಡಬಹುದಾದದ್ದು ಏನೂ ಇಲ್ಲ ಎಂಬ ನಂಬಿಕೆ, ವಾಸ್ತವಕ್ಕೆ ದೂರವಾದುದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು 1983ರಿಂದ 2000ದವರೆಗಿನ ಆ ದೇಶದ ವಿಮಾನ ಸಂಸ್ಥೆಗಳ ಅಪಘಾತಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಸಿಲುಕಿದವರ ಪೈಕಿ ಶೇಕಡ 95ಕ್ಕೂ ಹೆಚ್ಚು ಮಂದಿ ಬದುಕಿ ಉಳಿದಿದ್ದರು. ನಮ್ಮದೇ ನೆಲದಲ್ಲಿ, 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಹತ್ತಿರದ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸಿನ ಎ-320 ವಿಮಾನ ಬಿದ್ದಾಗ 146 ಜನರಲ್ಲಿ 92 ಮಂದಿ ಸತ್ತರು; 54 ಮಂದಿ ಉಳಿದರು. ಹೊರಬರುವುದು ಎಂಬ ಕ್ರಿಯೆಗೆ ಅರ್ಥವಿರುವುದು ಇಂತಹ ಅಪಘಾತಗಳಲ್ಲಿ.

ಆ ಕ್ರಿಯೆಯ ಸ್ವರೂಪವನ್ನು ಅರಿಯಲು 1985ರ ಆಗಸ್ಟ್ 22ರ ಮ್ಯಾಂಚೆಸ್ಟರ್ ಘಟನೆಗಿಂತ ಉತ್ತಮ ನಿದರ್ಶನ ದೊರೆಯಲಾರದು. ಬ್ರಿಟಿಷ್ ಏರ್‌ಟೂರ್ಸಿನ ಬೋಯಿಂಗ್ 737 ವಿಮಾನ ನೆಲವನ್ನು ಬಿಟ್ಟೇ ಇರಲಿಲ್ಲ. ಎಂಜಿನ್ನಿಗೆ ಬೆಂಕಿ ಹತ್ತಿದ್ದರಿಂದ ರನ್‌ವೇಯಲ್ಲೇ ವೇಗ ತಗ್ಗಿಸಿ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಲಾಯಿತು. ನಿಂತ ವಿಮಾನದಲ್ಲಿ, ಅಗ್ನಿಶಾಮಕ ಪಡೆಯಿದ್ದ ನಿಲ್ದಾಣದಲ್ಲಿ, 137 ಜನರ ಪೈಕಿ 55 ಮಂದಿ ಸತ್ತರು. ಹೆಚ್ಚಿನವರು ಸತ್ತದ್ದು ಹೊಗೆಯಿಂದ. ರೆಕ್ಕೆಯ ಮೇಲಿನ ತುರ್ತು ಬಾಗಿಲಿನ ಪಕ್ಕದಲ್ಲಿ ಕುಳಿತಿದ್ದ ಪ್ರಯಾಣಿಕಳೊಬ್ಬಳು ಅದನ್ನು ತೆರೆಯಲು ಯತ್ನಿಸಿದಳು. ಆದರೆ ಅವಳು ಎಳೆದದ್ದು ಬಾಗಿಲಿನ ಹಿಡಿಯನ್ನಲ್ಲ, ಅದಕ್ಕೆ ಅಂಟಿಕೊಂಡಿದ್ದ ಆಸನದ ತೋಳನ್ನು. ಕೊನೆಗೆ ಬಾಗಿಲು ಕಳಚಿದಾಗ ಅದರ ಭಾರವೆಲ್ಲ ಅವಳ ಮೇಲೆಯೇ ಬಿದ್ದು, ಅವಳು ಆಸನದಲ್ಲೇ ಸಿಕ್ಕಿಕೊಂಡಳು. ಅವಳು ಇಂಗ್ಲಿಷ್ ಬಲ್ಲವಳು; ಸೂಚನೆಯೂ ಇಂಗ್ಲಿಷಿನಲ್ಲೇ ಇತ್ತು. ಭಾಷೆ ತಿಳಿದಿದ್ದೂ ಕೈಗೆ ತಿಳಿದಿರಲಿಲ್ಲ. ಹಾಗಾದರೆ ಭಾಷೆಯೂ ತಿಳಿಯದವರ ಪಾಡೇನು?

ವಿಮಾನವೊಂದಕ್ಕೆ ಪರವಾನಗಿ ದೊರೆಯಬೇಕಾದರೆ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬಲ್ಲರೆಂದು ತೋರಿಸಬೇಕೆಂಬ ನಿಯಮವಿದೆ. 2006ರ ಮಾರ್ಚಿಯಲ್ಲಿ ಹ್ಯಾಂಬರ್ಗಿನಲ್ಲಿ ನಡೆದ ಎ-380ರ ಪರೀಕ್ಷೆಯಲ್ಲಿ 853 ಪ್ರಯಾಣಿಕರೂ 20 ಸಿಬ್ಬಂದಿಯೂ 78 ಸೆಕೆಂಡಿನಲ್ಲಿ ಹೊರಬಂದರು. ಇದು ಬೆರಗಿನ ಸಾಧನೆಯೇ. ಆದರೆ ಆ 853 ಮಂದಿ ಎಲ್ಲಿಗೂ ಪ್ರಯಾಣ ಹೊರಟವರಲ್ಲ, ಹೊರಬರುವುದಕ್ಕೆಂದೇ ಒಳಹೋದವರು. ಅವರಿಗೆ ಮೇಲಿನ ಕಪಾಟಿನಲ್ಲಿ ಚೀಲವಿರಲಿಲ್ಲ, ಮಡಿಲಲ್ಲಿ ಅಳುವ ಮಗುವಿರಲಿಲ್ಲ, ಆಡುವ ಮಾತು ತಿಳಿಯದ ಸಂಕಟವೂ ಇರಲಿಲ್ಲ.

ಕೇಳದಿರುವುದರ ಫಲವೇನೆಂಬುದಕ್ಕೆ ಎರಡು ಜಲಾಪಘಾತಗಳು ಸಾಕ್ಷಿಯಾಗಿವೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದ ವಿಮಾನದ 155 ಜನರೂ ಬದುಕಿದರು. ಆದರೆ ಬಹುಪಾಲು ಪ್ರಯಾಣಿಕರು ಹೊರಡುವ ಮುನ್ನ ನೀಡಿದ ಸೂಚನೆಯನ್ನು ಗಮನಿಸಿಯೇ ಇರಲಿಲ್ಲವೆಂದು ತನಿಖೆಯಲ್ಲಿ ತಿಳಿದುಬಂತು. ಆಸನದ ಬಳಿಯ ಜೀವರಕ್ಷಕ ಅಂಗಿಯನ್ನು ತಾವಾಗಿ ತೆಗೆದುಕೊಂಡು ಹೊರಬಂದವರು ಕೆಲವರೇ. ಅವರ ಪುಣ್ಯಕ್ಕೆ ದೋಣಿಗಳು ಹತ್ತಿರದಲ್ಲಿದ್ದವು. 1996ರ ನವೆಂಬರ್ 23ರಂದು ಕೊಮೊರೋಸ್ ದ್ವೀಪಗಳ ಬಳಿ ಕಡಲಿಗಿಳಿದ ಇಥಿಯೋಪಿಯನ್ ವಿಮಾನದಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಅಲ್ಲಿ ಅನೇಕರು ಅಂಗಿಯನ್ನು ತೊಟ್ಟರು, ಒಳಗಿರುವಾಗಲೇ ಗಾಳಿ ತುಂಬಿಕೊಂಡರು. ನೀರು ಒಳನುಗ್ಗಿದಾಗ ಗಾಳಿ ತುಂಬಿದ ಅಂಗಿ ಅವರನ್ನು ಚಾವಣಿಗೆ ಒತ್ತಿಹಿಡಿಯಿತು. ಮುಳುಗಿ ಬಾಗಿಲು ಹುಡುಕುವ ಶಕ್ತಿಯನ್ನು ಕಸಿದುಕೊಂಡಿತು. ಅವರು ಸೂಚನೆಯ ಅರ್ಧವನ್ನು ಪಾಲಿಸಿದ್ದರು. ‘ಗಾಳಿ ತುಂಬಿ’ ಎಂಬುದು ನೆನಪಿನಲ್ಲಿ ಉಳಿದಿತ್ತು, ‘ಹೊರಬಂದ ಮೇಲೆ’ ಎಂಬುದು ಉಳಿದಿರಲಿಲ್ಲ.

ಇಲ್ಲಿ ಕನ್ನಡದ ವಾಕ್ಯರಚನೆಗೆ ಒಂದು ಸಹಜವಾದ ಅನುಕೂಲವಿದೆ. ನಮ್ಮಲ್ಲಿ ಷರತ್ತು ಮೊದಲು ಬರುತ್ತದೆ, ಕ್ರಿಯಾಪದ ಕಡೆಗೆ ಬರುತ್ತದೆ. ‘ಬಾಗಿಲು ದಾಟಿದ ಮೇಲೆ ಗಾಳಿ ತುಂಬಿಕೊಳ್ಳಿ’ ಎಂದರೆ ಕೇಳುಗನ ಮನಸ್ಸಿನಲ್ಲಿ ಬಾಗಿಲು ದಾಟುವ ಚಿತ್ರ ಮೊದಲು ಮೂಡಿ, ಅನಂತರ ಗಾಳಿ ತುಂಬುವ ಚಿತ್ರ ಮೂಡುತ್ತದೆ. ಮಾಡಬೇಕಾದ ಕೆಲಸದ ಅನುಕ್ರಮವೂ ಅದೇ. ಆದರೆ ಇದೇ ಗುಣ ವಾಕ್ಯವನ್ನು ಎಳೆದಾಗ ದೋಷವಾಗಿ ಮಾರ್ಪಡುತ್ತದೆ. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ‘ವಿಮಾನವು ಜಲಪ್ರದೇಶದಲ್ಲಿ ಅವತರಣಗೊಳ್ಳಬೇಕಾದ ಅಸಂಭವನೀಯ ತುರ್ತು ಪರಿಸ್ಥಿತಿಯು ಉದ್ಭವಿಸಿದಲ್ಲಿ ತಮ್ಮ ಆಸನದ ಅಧೋಭಾಗದಲ್ಲಿರುವ’ ಎಂದು ಆರಂಭಿಸಿದರೆ, ಏನು ಮಾಡಬೇಕೆಂಬ ಕ್ರಿಯಾಪದ ಬರುವಷ್ಟರಲ್ಲಿ ಕೇಳುಗ ಕಿಟಕಿಯಾಚೆ ನೋಡುತ್ತಿರುತ್ತಾನೆ. ಈ ವಾಕ್ಯವನ್ನು ನಾನೇ ರಚಿಸಿದ್ದೇನೆ. ಆದರೆ ಸರಕಾರಿ ಸುತ್ತೋಲೆಗಳ ಅನುವಾದವನ್ನು ಓದಿ ಬಲ್ಲವರಿಗೆ ಇದು ಅತಿಶಯೋಕ್ತಿ ಎನ್ನಿಸಲಾರದು.

‘ತುರ್ತು ಪರಿಸ್ಥಿತಿ’ ಎಂಬ ಪದವನ್ನೇ ನೋಡಿ. ಒಂದು ವಯಸ್ಸು ದಾಟಿದ ಕನ್ನಡಿಗರಿಗೆ ಅದು 1975ರಿಂದ 77ರವರೆಗಿನ ರಾಜಕೀಯ ಇತಿಹಾಸ. ‘ನಿರ್ಗಮನ’ವು ಕನ್ನಡ ಬಲ್ಲವರೆಲ್ಲ ಓದಬಲ್ಲ ಪದ, ಆದರೆ ಯಾರೂ ಕೂಗದ ಪದ. ಮನೆಗೆ ಬೆಂಕಿ ಬಿದ್ದಾಗ ‘ನಿರ್ಗಮಿಸಿ’ ಎಂದು ಕಿರುಚಿದವರನ್ನು ನಾವು ಕಂಡಿಲ್ಲ. ಬರೆಹದ ಕನ್ನಡವು ಆಡುಮಾತಿನಿಂದ ದೂರವಾದಷ್ಟೂ ಸಾಮಾನ್ಯರಿಗೆ ಎಟುಕದಾಗುತ್ತದೆ ಎಂಬ ಡಿ.ಎನ್. ಶಂಕರ ಭಟ್ಟರ ನಿಲುವನ್ನು ಸಾಹಿತ್ಯದ, ಶಾಸ್ತ್ರದ ಬರವಣಿಗೆಗೆ ಎಷ್ಟರಮಟ್ಟಿಗೆ ಒಪ್ಪಬೇಕೆಂಬುದು ಬೇರೆಯ ಚರ್ಚೆ. ಅದನ್ನು ಪೂರ್ತಿಯಾಗಿ ಒಪ್ಪದವರೂ ಸುರಕ್ಷತಾ ಸೂಚನೆಯ ಮಟ್ಟಿಗೆ ಅಲ್ಲಗಳೆಯಲಾರರು ಎಂದು ನನಗೆ ತೋರುತ್ತದೆ.

ಆದರೆ ಆಡುಮಾತಿಗೆ ಮರಳಿದೊಡನೆ ಎಲ್ಲವೂ ಸರಿಹೋಗುವುದಿಲ್ಲ. ಸಿಬ್ಬಂದಿ ಕೂಗುವ ಆಜ್ಞೆಗಳು ಇಂಗ್ಲಿಷಿನಲ್ಲಿ ಬಹಳ ಚಿಕ್ಕವು: ಬೆಲ್ಟು ಬಿಚ್ಚುವುದು, ಎಲ್ಲವನ್ನೂ ಬಿಡುವುದು, ಈ ಕಡೆ ಬರುವುದು, ಹಾರುವುದು. ಇವನ್ನು ಕನ್ನಡದಲ್ಲಿ ಮರ್ಯಾದೆಯ ರೂಪದಲ್ಲಿ ಹೇಳಿನೋಡಿ: ಬಿಚ್ಚಿ, ಬಿಡಿ, ಬನ್ನಿ, ಹಾರಿ. ‘ಬಿಡಿ’, ‘ಬನ್ನಿ’ ಎಂಬವು ಸ್ಪಷ್ಟವಾದ ವಿಧಿರೂಪಗಳು. ಅವುಗಳ ಕೃದಂತಾವ್ಯಯಗಳು ‘ಬಿಟ್ಟು’, ‘ಬಂದು’ ಎಂದು ಬೇರೆಯಾಗಿ ನಿಲ್ಲುತ್ತವೆ. ‘ಬಿಚ್ಚಿ’, ‘ಹಾರಿ’ಗಳ ವಿಷಯ ಹಾಗಲ್ಲ. ಅವು ವಿಧಿರೂಪವೂ ಹೌದು, ಕೃದಂತಾವ್ಯಯವೂ ಹೌದು. ‘ಹಾರಿ’ ಎಂದು ಕೇಳಿದವನು ‘ಹಾರಿ, ಏನು ಮಾಡಬೇಕು?’ ಎಂದು ಮುಂದಿನ ಕ್ರಿಯಾಪದಕ್ಕಾಗಿ ಅರೆಕ್ಷಣ ಕಾಯಬಹುದು. ಕೂಗಿನ ಏರುದನಿ ಈ ಸಂದಿಗ್ಧವನ್ನು ಕಳೆಯುತ್ತದೆಯೇ, ಇಲ್ಲವೇ ಎಂಬುದು ಪ್ರಯೋಗದಿಂದ ತಿಳಿಯಬೇಕಾದ ಸಂಗತಿ. ಏಕವಚನದ ‘ಹಾರು’, ‘ಬಿಚ್ಚು’ಗಳಿಗೆ ಈ ತೊಡಕಿಲ್ಲ. ಅವು ಬರಿಯ ಧಾತುಗಳು, ಕೂಗಿಗೆ ಹೇಳಿ ಮಾಡಿಸಿದವು. ಆದರೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಎಪ್ಪತ್ತರ ಹಿರಿಯರಿಗೆ ‘ಹಾರು’ ಎನ್ನಬಹುದೇ? ಬೆಂಕಿಯ ಎದುರಿಗೆ ಎನ್ನಬಹುದು ಎಂಬುದು ನನ್ನ ಮತ. ತುಂಬಿದ ಕೆರೆಯ ಏರಿಯ ಮೇಲೆ ಕಾಲು ಜಾರಿದವರನ್ನು ಎಚ್ಚರಿಸುವಾಗ ನಮ್ಮ ಹಳ್ಳಿಗಳಲ್ಲಿ ಯಾರೂ ಬಹುವಚನವನ್ನು ಹುಡುಕುವುದಿಲ್ಲ. ಆದರೂ ಸಂಸ್ಥೆಯೊಂದು ಇದನ್ನು ನಿಯಮವಾಗಿ ಬರೆದಿಡಲು ಹಿಂಜರಿಯುವುದು ಸಹಜ.

‘ತೆಗೆ’ ಎಂಬ ಧಾತು ಇನ್ನೂ ತೊಡಕಿನದು. ಬಾಗಿಲು ತೆಗೆ ಎಂದರೆ ತೆರೆ; ಚಪ್ಪಲಿ ತೆಗೆ ಎಂದರೆ ಕಳಚು; ಕಪಾಟಿನಿಂದ ಚೀಲ ತೆಗೆ ಎಂದರೆ ಕೈಗೆ ತೆಗೆದುಕೋ. ಸುರಕ್ಷತೆಯ ಕನ್ನಡದಲ್ಲಿ ಈ ಪದವನ್ನು ಕೂಡಿದಮಟ್ಟಿಗೆ ಕೈಬಿಡುವುದು ಒಳ್ಳೆಯದು. ಅಪ್ಪಳಿಸುವ ಮುನ್ನ ಕೂಗುವ ‘ಬ್ರೇಸ್’ ಎಂಬ ಇಂಗ್ಲಿಷ್ ಪದವಂತೂ ಇಂಗ್ಲಿಷ್ ಕಲಿತ ನಮ್ಮ ಪದವೀಧರರಲ್ಲೂ ಹೆಚ್ಚಿನವರಿಗೆ ಏನನ್ನೂ ಹೇಳಲಾರದು. ‘ಬಗ್ಗಿ, ತಲೆ ತಗ್ಗಿಸಿ’ ಎಂಬುದು ದೇಹಕ್ಕೆ ನೇರವಾಗಿ ಮುಟ್ಟುತ್ತದೆ.

ಕಿವಿಗೊಡದಿರುವುದಕ್ಕೆ ಭಾಷೆಯ ಆಚೆಗಿನ ಕಾರಣವೊಂದೂ ಉಂಟು. ಹೊರಡುವ ಹೊತ್ತಿನಲ್ಲಿ ಕೇಡಿನ ಮಾತಾಡಬಾರದೆಂಬುದು ನಮ್ಮ ಜನಜೀವನದ ಬಲವಾದ ನಡಾವಳಿ. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ; ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವುದೂ ಅಪಶಕುನ. ಅಂಥವರ ಮುಂದೆ, ಪ್ರಯಾಣದ ಮೊದಲ ಗಳಿಗೆಯಲ್ಲಿ, ವಿಮಾನ ನೀರಿಗೆ ಬಿದ್ದರೆ ಎಂದು ಆರಂಭಿಸಿದರೆ ಅವರು ಮುಖ ತಿರುಗಿಸುವುದು ಉದಾಸೀನದಿಂದ ಮಾತ್ರವಲ್ಲ, ಸಂಸ್ಕಾರದಿಂದಲೂ ಹೌದು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದಕ್ಕಿಂತ ಅದರೊಡನೆ ವ್ಯವಹರಿಸುವುದು ಜಾಣತನ. ‘ಹೋಗಿ ಬರುತ್ತೇನೆ’ ಎಂಬ ಮಾತಿನಲ್ಲೇ ಮರಳಿ ಬರುವ ಸಂಕಲ್ಪವಿದೆ. ಬೀಳುವ ಕಥೆಯ ಬದಲು ಹೊರಬರುವ ದಾರಿಯಿಂದ ಸೂಚನೆಯನ್ನು ಆರಂಭಿಸಬಹುದು: ‘ನಿಮಗೆ ಹತ್ತಿರದ ಬಾಗಿಲು ಯಾವುದು ನೋಡಿಕೊಳ್ಳಿ, ಅದು ನಿಮ್ಮ ಬೆನ್ನ ಹಿಂದೆಯೂ ಇರಬಹುದು. ಅಲ್ಲಿಯವರೆಗೆ ಎಷ್ಟು ಸಾಲು ಆಸನಗಳಿವೆ, ಎಣಿಸಿಕೊಳ್ಳಿ.’ ಹೊಗೆ ತುಂಬಿದಾಗ ಕಣ್ಣಿಗೆ ಕಾಣದ ಬಾಗಿಲನ್ನು ಕೈಯಿಂದ ಆಸನಗಳನ್ನು ಮುಟ್ಟಿ ಎಣಿಸುತ್ತ ತಲುಪಬಹುದು. ಇದರಲ್ಲಿ ಅಮಂಗಳದ ಒಂದು ಪದವೂ ಇಲ್ಲ.

ಚೀಲದ ವಿಷಯವನ್ನು ಇನ್ನಷ್ಟು ವಿವರವಾಗಿ ಚರ್ಚಿಸಬೇಕಾಗಿದೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್ ವಿಮಾನ ರನ್‌ವೇಗೆ ಅಪ್ಪಳಿಸಿ ಹೊತ್ತಿಕೊಂಡಾಗ ಅದರಲ್ಲಿದ್ದ 300 ಜನರೂ ಹೊರಬಂದರು. ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಅಸುನೀಗಿದರು. ಒಳಗೆ ಹೊಗೆ ಕವಿಯುತ್ತಿರುವಾಗ ಜನ ಮೇಲಿನ ಕಪಾಟುಗಳಿಗೆ ಕೈಹಾಕಿ ಚೀಲ, ಲ್ಯಾಪ್‌ಟಾಪುಗಳನ್ನು ಹುಡುಕುತ್ತಿದ್ದ ದೃಶ್ಯ ಜಗತ್ತಿಗೆಲ್ಲ ಹರಡಿ, ಅವರು ನಗೆಪಾಟಲಿಗೆ ಗುರಿಯಾದರು. ಆ ನಗುವಿನಲ್ಲಿ ನನಗೆ ಕ್ರೌರ್ಯ ಕಾಣುತ್ತದೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವವನ ಕೈಚೀಲದಲ್ಲಿ ಪಾಸ್‌ಪೋರ್ಟು, ಕೆಲಸದ ಪರವಾನಗಿ, ಅಂಕಪಟ್ಟಿ ಇರುತ್ತವೆ. ಅದನ್ನು ಬಿಡುವುದೆಂದರೆ ತನ್ನ ಗುರುತನ್ನೇ ಬಿಡುವುದು ಎಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ಕಾಗದವಿಲ್ಲದವನಿಗೆ ಪರದೇಶದ ಕಚೇರಿಗಳಲ್ಲಿ ಆಗುವ ಗತಿ ಅವನಿಗೆ ಗೊತ್ತು; ಬೆಂಕಿ ಎಷ್ಟು ಬೇಗ ಹಬ್ಬುತ್ತದೆಂಬುದು ಗೊತ್ತಿಲ್ಲ. ಆದರೂ ಒಬ್ಬನು ಚೀಲಕ್ಕೆ ಕೈಚಾಚುವ ಹೊತ್ತಿನಲ್ಲಿ ಅವನ ಹಿಂದಿನ ಸಾಲುಗಳೆಲ್ಲ ನಿಂತುಬಿಡುತ್ತವೆ, ಚೀಲದ ಚಕ್ರವೋ ಮೂಲೆಯೋ ತಗುಲಿ ಜಾರುವ ಗಾಳಿಪಟ್ಟಿ ಹರಿಯಬಹುದು ಎಂಬುದೂ ಅಷ್ಟೇ ನಿಜ. ಹೀಗಿರುವಾಗ ‘ಸಾಮಾನು ಬಿಟ್ಟು ಬನ್ನಿ’ ಎಂಬ ಆಜ್ಞೆಯೊಂದೇ ಸಾಲದು. ‘ಪಾಸ್‌ಪೋರ್ಟು, ದುಡ್ಡು, ಔಷಧಿ ಮೈಮೇಲಿರಲಿ, ಜೇಬಿನಲ್ಲಿರಲಿ’ ಎಂದು ಹತ್ತುವ ಮೊದಲೇ ಹೇಳಬೇಕು. ಆಗ ಬಿಡುವುದು ಸುಲಭವಾಗುತ್ತದೆ. ಪ್ರಯಾಣಿಕನ ಬದುಕನ್ನು ಬಲ್ಲವರು ಮಾತ್ರ ಇಂತಹ ವಾಕ್ಯವನ್ನು ಬರೆಯಬಲ್ಲರು; ಅನುವಾದದಿಂದ ಇದು ದೊರೆಯುವುದಿಲ್ಲ, ಏಕೆಂದರೆ ಮೂಲದಲ್ಲಿಯೇ ಅದು ಇಲ್ಲ.

ಉಡುಪಿನ ಮಾತೂ ಹೀಗೆಯೇ. ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನು ಕಳಚಬೇಕೆಂದು ಸೂಚನಾಪತ್ರದ ಚಿತ್ರಗಳು ಹೇಳುತ್ತವೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ಪಂಚೆಯನ್ನು ಎತ್ತಿಕಟ್ಟಬೇಕು, ಬುರ್ಖಾದ ಅಂಚನ್ನು ಕೈಯಲ್ಲಿ ಹಿಡಿಯಬೇಕು ಎಂದು ಹೇಳುವ ಚಿತ್ರವನ್ನು ನಾನು ನೋಡಿಲ್ಲ. ಆ ಪತ್ರದ ಆದರ್ಶ ಪ್ರಯಾಣಿಕಳು ಪ್ಯಾಂಟು ತೊಟ್ಟವಳು.

ಚಿತ್ರವೇ ಸಾಕು, ಭಾಷೆ ಬೇಡ ಎಂಬ ವಾದಕ್ಕೆ ಈ ಸಂದರ್ಭದಲ್ಲಿ ಉತ್ತರಿಸಬೇಕು. ಚಿತ್ರಕ್ಕೂ ವ್ಯಾಕರಣವಿದೆ, ಬಾಣದ ಗುರುತು, ಅಡ್ಡಗೆರೆ, ಚೌಕಗಳ ಅನುಕ್ರಮ ಇವುಗಳನ್ನು ಓದುವುದೂ ಕಲಿತು ಬರುವ ವಿದ್ಯೆ. ಏರ್ ಇಂಡಿಯಾ ಸಂಸ್ಥೆಯು 2024ರಲ್ಲಿ ಭರತನಾಟ್ಯ, ಕಥಕ್ಕಳಿ, ಒಡಿಸ್ಸಿ, ಬಿಹು ಮುಂತಾದ ನೃತ್ಯಗಳ ಮೂಲಕ ಸುರಕ್ಷತೆಯನ್ನು ತಿಳಿಸುವ ಚಲನಚಿತ್ರವನ್ನು ಹೊರತಂದಿತು. ಅದು ಸುಂದರವಾಗಿದೆ, ಜನ ಪರದೆಯತ್ತ ನೋಡುವಂತೆ ಮಾಡುವುದರಲ್ಲಿ ಸಫಲವೂ ಆಗಿರಬಹುದು. (ಅದರಲ್ಲಿ ಯಕ್ಷಗಾನವಿಲ್ಲವೆಂಬುದು ನನ್ನ ದೂರಲ್ಲ.) ಆದರೆ ಮುದ್ರೆಯು ಸೂಚಿಸುತ್ತದೆಯೇ ಹೊರತು ಕೈಗೆ ಕಲಿಸುವುದಿಲ್ಲ. ವಿಮಾನದ ಬೆಲ್ಟಿನ ಕೊಂಡಿಯನ್ನು ಮೇಲಕ್ಕೆತ್ತಬೇಕು. ಕಾರಿನ ಬೆಲ್ಟಿನದನ್ನು ಒತ್ತಬೇಕು. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸವನ್ನೇ ಹುಡುಕುತ್ತದೆ. ರೆಕ್ಕೆಯ ಬಳಿಯ ಬಾಗಿಲೂ ಎಲ್ಲ ವಿಮಾನಗಳಲ್ಲಿ ಒಂದೇ ಬಗೆಯದಲ್ಲ. ಬೋಯಿಂಗ್ 737-800ರಲ್ಲಿ ಹಿಡಿಯನ್ನು ಎಳೆದರೆ ಅದು ಹೊರಕ್ಕೆ ಮೇಲೇಳುತ್ತದೆ. ಎ-320ರಲ್ಲಿ ಸುಮಾರು 15 ಕಿಲೋ ತೂಕದ ಬಾಗಿಲನ್ನು ಕಳಚಿ ಎತ್ತಿ ಆಚೆಗೆ ಎಸೆಯಬೇಕು. ಆ ಸಾಲಿನಲ್ಲಿ ಕುಳಿತವರನ್ನು ಸಿಬ್ಬಂದಿ ‘ನೆರವಾಗುವಿರಾ?’ ಎಂದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ಕಾಲು ಚಾಚಲು ಜಾಗ ಸಿಕ್ಕಿತೆಂಬ ಸಂತೋಷದಲ್ಲಿ, ಪ್ರಶ್ನೆ ಅರ್ಥವಾಗದಿದ್ದರೂ ತಲೆಯಾಡಿಸುವುದು ನಮ್ಮ ಸೌಜನ್ಯದ ಭಾಗವೇ ಆಗಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಕನ್ನಡಕ್ಕೆ ಅವಕಾಶ ಕೊಟ್ಟರೆ ಉಳಿದ ಭಾಷೆಗಳನ್ನೇನು ಮಾಡುವುದು? ಮಂಗಳೂರಿನಿಂದ ಕೊಲ್ಲಿಗೆ ಹೋಗುವ ವಿಮಾನದಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಗಳು ಮನೆಮಾತಾಗಿರುವವರು ಕನ್ನಡ ಮನೆಮಾತಿನವರ ಜೊತೆಗೇ ಇರುತ್ತಾರೆ. ಅವರಿಗೆ ಕನ್ನಡವೂ ಎರಡನೆಯ ಭಾಷೆಯೇ. ಹಿಂದಿ-ಇಂಗ್ಲಿಷುಗಳ ಯಜಮಾನಿಕೆಯನ್ನು ಪ್ರಶ್ನಿಸುವ ನಾವು ಅದೇ ಕುರ್ಚಿಯಲ್ಲಿ ಕನ್ನಡವನ್ನು ಕೂರಿಸಿ ಸುಮ್ಮನಾದರೆ ವಾದ ಅಪ್ರಾಮಾಣಿಕವಾಗುತ್ತದೆ. ವಿಮಾನ ರನ್‌ವೇಗೆ ಸಾಗುವ ಕೆಲವೇ ನಿಮಿಷಗಳಲ್ಲಿ ಐದು ಭಾಷೆಗಳು ಹಿಡಿಸುವುದಿಲ್ಲವೆಂಬುದೂ ನಿಜ. ಆದುದರಿಂದ ಕಲಿಕೆಯನ್ನು ನೆಲಕ್ಕೆ ತರಬೇಕೆಂಬುದು ನನ್ನ ಸಲಹೆ. ಪ್ರಯಾಣಿಕರು ನಿಲ್ದಾಣದ ತಂಗುಕೋಣೆಯಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಅಲ್ಲಿ ಒಂದು ಬೆಲ್ಟು, ಒಂದು ಜೀವರಕ್ಷಕ ಅಂಗಿ, ಒಂದು ಮಾದರಿ ಬಾಗಿಲನ್ನು ಇಟ್ಟು, ಗುಂಡಿಯೊತ್ತಿದರೆ ತಮ್ಮ ಭಾಷೆಯಲ್ಲಿ ವಿವರಣೆ ಕೇಳುವಂತೆ ಮಾಡುವುದು ಈ ಕಾಲಕ್ಕೆ ದೊಡ್ಡ ಕೆಲಸವಲ್ಲ. ದುಡಿಯಲು ಹೊರದೇಶಕ್ಕೆ ಹೋಗುವವರಿಗಾಗಿ ವಿದೇಶಾಂಗ ಸಚಿವಾಲಯ ನಡೆಸುವ ಪ್ರಯಾಣಪೂರ್ವ ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆ ಸೇರಿಸಬಹುದು. ವಿಮಾನದೊಳಗೆ ಆಗ ಉಳಿಯುವುದು ನೆನಪಿಸುವ ಕೆಲಸ ಮಾತ್ರ. ಅದಕ್ಕೆ ಆಯಾ ಊರಿನ ಭಾಷೆಯ ನಾಲ್ಕು ಪದಗಳು ಸಾಕು.

ಆ ನಾಲ್ಕು ಪದಗಳ ಬೆಲೆ 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಕಂಡುಬಂತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ಸತ್ತರು; ದೊಡ್ಡದರಲ್ಲಿದ್ದ 379 ಮಂದಿಯೂ ಉಳಿದರು. ಒಳಗಿನ ಧ್ವನಿವರ್ಧಕ ಕೆಟ್ಟಿತ್ತು. ಎಂಟು ಬಾಗಿಲುಗಳಲ್ಲಿ ಮೂರು ಮಾತ್ರ ಬಳಕೆಗೆ ಬಂದವು. ಸಿಬ್ಬಂದಿ ಕೈಯಲ್ಲಿ ಹಿಡಿಯುವ ಮೆಗಾಫೋನಿನಿಂದ, ಬರಿಯ ಗಂಟಲಿನಿಂದ ಕೂಗಿದರು. ಯಂತ್ರವೆಲ್ಲ ಸೋತ ಮೇಲೆ ಉಳಿದದ್ದು ಮನುಷ್ಯರ ದನಿ ಮತ್ತು ಅದನ್ನು ಅರ್ಥಮಾಡಿಕೊಂಡ ಕಿವಿ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಕಲಬುರಗಿಗೋ ಹೋಗುವ ವಿಮಾನದಲ್ಲಿ ಅಂತಹ ಗಳಿಗೆ ಬಂದರೆ ಯಾವ ಭಾಷೆಯ ಕೂಗು ಕೇಳಿಬರುತ್ತದೆ? ಕೆಲವು ವಿಮಾನಗಳಲ್ಲಿ ಸ್ವಾಗತದ ಒಂದೆರಡು ಮಾತು ಕನ್ನಡದಲ್ಲಿ ಕೇಳಿಬರುವುದುಂಟು. ನಾವು ಹೆಮ್ಮೆಯಿಂದ ಅದನ್ನು ಮೆಚ್ಚುತ್ತೇವೆ. ಸ್ವಾಗತ ಅರ್ಥವಾಗದಿದ್ದರೆ ಯಾರಿಗೂ ನಷ್ಟವಿಲ್ಲ.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಇಲ್ಲಿ ಸ್ಪಷ್ಟವಾಗಿದೆ. ಪಾರಿಭಾಷಿಕ ಪದಕೋಶಕ್ಕೆ ಇನ್ನಷ್ಟು ಪದಗಳನ್ನು ಕೂಡಿಸುವುದಲ್ಲ. ಭಾಷಾವಿಜ್ಞಾನ, ಜಾನಪದ ಓದಿದ ನಾಲ್ಕಾರು ವಿದ್ಯಾರ್ಥಿಗಳು ವಿಮಾನ ನಿಲ್ದಾಣಕ್ಕೆ ಹೋಗಿ, ಮೊದಲ ಬಾರಿ ಹಾರುವವರಿಗೆ ಈ ಸೂಚನೆಗಳನ್ನು ಎರಡು-ಮೂರು ಬಗೆಯಲ್ಲಿ ಓದಿ ಹೇಳಿ, ಅವರ ಕೈಗಳು ಏನು ಮಾಡುತ್ತವೆಂಬುದನ್ನು ನೋಡಬೇಕು. ಬೇಕಾದ ಪದಗಳಲ್ಲಿ ಕೆಲವು ನಮ್ಮಲ್ಲಿ ಆಗಲೇ ಇವೆ. ಬಾಗಿಲಿನಿಂದ ನೆಲಕ್ಕೆ ಬಿಚ್ಚಿಕೊಳ್ಳುವ ಗಾಳಿಪಟ್ಟಿಗೆ ‘ಜಾರುಬಂಡೆ’ ಎಂದರೆ ಶಾಲೆಯ ಅಂಗಳ ಕಂಡ ಯಾರಿಗೂ ವಿವರಣೆ ಬೇಡ. ಆದರೆ ಆ ಪದದೊಂದಿಗೆ ಅದರ ನೆನಪೂ ಬರುತ್ತದೆ. ಜಾರುಬಂಡೆಯ ತುದಿಯಲ್ಲಿ ನಾವು ಮೊದಲು ಕೂರುತ್ತೇವೆ, ಅಂಚನ್ನು ಹಿಡಿದುಕೊಳ್ಳುತ್ತೇವೆ, ಆಮೇಲೆ ಜಾರುತ್ತೇವೆ. ವಿಮಾನದ ಬಾಗಿಲಲ್ಲಿ ಕೂರಲು ಹೊತ್ತಿಲ್ಲ, ಹಿಡಿದುಕೊಳ್ಳುವ ಹಾಗಿಲ್ಲ. ನಿಂತಲ್ಲಿಂದಲೇ ಹಾರಿ ಅದರ ಮೇಲೆ ಬೀಳಬೇಕು. ‘ಜಾರುಬಂಡೆ’ ಎಂದೊಡನೆ ಜನ ಕುಳಿತುಬಿಡುತ್ತಾರೆಯೇ, ಅಥವಾ ‘ಕೂರಬೇಡಿ, ಹಾರಿ’ ಎಂಬ ಎರಡು ಪದಗಳನ್ನು ಜೊತೆಗೆ ಕೂಗಿದರೆ ಸಾಕೇ ಎಂಬುದನ್ನು ಮೊದಲು ಪರೀಕ್ಷಿಸಿ ನೋಡಬೇಕಾಗಿದೆ.